ದಾರಿ ಮುಚ್ಚಿದರೆ ಶಾಲೆ ತುಂಬುವುದೇ?

ಸರ್ಕಾರಿ ಶಾಲೆಗಳ ಬಗ್ಗೆ ನಿಜವಾದ ಕಾಳಜಿ ಇರುವವರಲ್ಲೇ ಬೇರುಬಿಟ್ಟಿರುವ ಒಂದು ನಂಬಿಕೆ ಇದೆ. ಖಾಸಗಿ ಶಾಲೆಗೆ ಹೋಗುವ ದಾರಿಗಳನ್ನು ಒಂದೊಂದಾಗಿ ಮುಚ್ಚುತ್ತ ಬಂದರೆ ಸರ್ಕಾರಿ ಶಾಲೆ ಮತ್ತೆ ತುಂಬುತ್ತದೆ, ತುಂಬಿದ ಮೇಲೆ ಸುಧಾರಿಸುತ್ತದೆ ಎಂಬುದು ಆ ನಂಬಿಕೆ. ಕರ್ನಾಟಕದಲ್ಲಿ ಇದು ಭಾಷಣದ ಮಾತಾಗಿಯೇ ಉಳಿದಿಲ್ಲ, ನಿಯಮವೂ ಆಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 12(1)(ಸಿ) ಪ್ರಕಾರ ಅನುದಾನರಹಿತ ಖಾಸಗಿ ಶಾಲೆಗಳು ಪ್ರವೇಶದ ತರಗತಿಯಲ್ಲಿ ಕನಿಷ್ಠ ಶೇಕಡಾ 25ರಷ್ಟು ಸೀಟುಗಳನ್ನು ನೆರೆಹೊರೆಯ ದುರ್ಬಲ ವರ್ಗದ ಮಕ್ಕಳಿಗೆ ಬಿಟ್ಟುಕೊಡಬೇಕು. ವೆಚ್ಚವನ್ನು ಸರ್ಕಾರ ಮರುಪಾವತಿ ಮಾಡಬೇಕು. ನಮ್ಮಲ್ಲಿ 2012ರಿಂದ ಇದು ನಡೆಯುತ್ತ ಬಂದು, ಲಾಟರಿಯ ಮೂಲಕ ಹಂಚುವ ಸೀಟುಗಳು ವರ್ಷಕ್ಕೆ ಲಕ್ಷ ದಾಟಿದ್ದವು. 2019ರ ಜನವರಿಯಲ್ಲಿ ರಾಜ್ಯ ಸರ್ಕಾರ ನಿಯಮ ತಿದ್ದಿತು: ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅಲ್ಲಿನ ಖಾಸಗಿ ಶಾಲೆಗೆ ಈ ಹೊಣೆ ಇಲ್ಲ. ಒಂದೇ ವರ್ಷದಲ್ಲಿ ಸೀಟುಗಳು ಇಪ್ಪತ್ತು ಸಾವಿರದೊಳಕ್ಕೆ ಇಳಿದವು. ಅದೇ ಮೇ ತಿಂಗಳಲ್ಲಿ ಹೈಕೋರ್ಟು ತಿದ್ದುಪಡಿಯನ್ನು ಎತ್ತಿಹಿಡಿಯಿತು. ಇಂಥದೇ ಹೆಜ್ಜೆಯನ್ನು ಮಹಾರಾಷ್ಟ್ರ 2024ರಲ್ಲಿ ಇಟ್ಟಾಗ ಬಾಂಬೆ ಹೈಕೋರ್ಟು ಅದನ್ನು ರದ್ದುಮಾಡಿತು, ಸುಪ್ರೀಂ ಕೋರ್ಟು ಮಧ್ಯಪ್ರವೇಶಿಸಲಿಲ್ಲ. ಕಾನೂನಿನ ಸರಿತಪ್ಪು ನ್ಯಾಯಾಲಯಗಳ ಪಾಲಿಗಿರಲಿ. ತಿದ್ದುಪಡಿಯ ಹಿಂದಿರುವ ತರ್ಕ ಎಷ್ಟು ಗಟ್ಟಿ ಎಂಬುದಷ್ಟೇ ಇಲ್ಲಿನ ಪ್ರಶ್ನೆ.

ಆ ತರ್ಕವನ್ನು ಅದರ ಅತ್ಯಂತ ಬಲವಾದ ರೂಪದಲ್ಲಿ ಹೇಳುವುದು ನ್ಯಾಯ. ಅದರಲ್ಲಿ ಎರಡು ಎಳೆಗಳಿವೆ. ಮೊದಲನೆಯದು ಹಣದ್ದು: ಸರ್ಕಾರಿ ಶಾಲೆಯ ಕಟ್ಟಡ ಇದೆ, ಮೇಷ್ಟ್ರು ಇದ್ದಾರೆ, ಸಂಬಳ ಹೋಗುತ್ತಿದೆ, ಬೆಂಚು ಖಾಲಿ ಇದೆ, ಹೀಗಿರುವಾಗ ಅದೇ ಊರಿನ ಖಾಸಗಿ ಶಾಲೆಗೆ ವರ್ಷಕ್ಕೆ ನೂರಾರು ಕೋಟಿ ಕೊಡುವುದು ಒಂದೇ ಕೆಲಸಕ್ಕೆ ಎರಡು ಸಲ ದುಡ್ಡು ತೆತ್ತಂತೆ. ಎರಡನೆಯದು ಇನ್ನೂ ಆಳವಾದದ್ದು, ಅದನ್ನು ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ 1970ರಲ್ಲೇ ಸ್ಪಷ್ಟವಾಗಿ ಗುರುತಿಸಿದ್ದರು. ಯಾವುದೇ ಸಂಸ್ಥೆ ಕೆಡತೊಡಗಿದಾಗ ಅದರೊಳಗಿರುವವರಿಗೆ ಎರಡು ಉಪಾಯಗಳಿರುತ್ತವೆ: ಬಿಟ್ಟುಹೋಗುವುದು, ಇಲ್ಲವೇ ಒಳಗಿದ್ದು ದನಿಯೆತ್ತುವುದು. ಶಾಲೆ ಕೆಟ್ಟಾಗ ಮೊದಲು ಬಿಟ್ಟುಹೋಗುವವರು ಗುಣಮಟ್ಟದ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳುವ ತಂದೆತಾಯಿಯರೇ. ಅಂದರೆ ಶಾಲಾಭಿವೃದ್ಧಿ ಸಮಿತಿಯಲ್ಲಿ ಎದ್ದುನಿಂತು ಪ್ರಶ್ನೆ ಕೇಳಬಲ್ಲವರು ಮೊದಲು ಹೊರಡುತ್ತಾರೆ, ಕೇಳಲಾರದವರು ಉಳಿಯುತ್ತಾರೆ. 1966ರಲ್ಲಿ ಕೊಠಾರಿ ಆಯೋಗ ಎಲ್ಲ ವರ್ಗದ ಮಕ್ಕಳೂ ಒಟ್ಟಿಗೆ ಕಲಿಯುವ ಸಮಾನ ಶಾಲಾ ವ್ಯವಸ್ಥೆಯನ್ನು ಬಯಸಿದ್ದರ ಹಿಂದೆಯೂ ಈ ಬಗೆಯ ಆತಂಕವಿತ್ತು. ಇದನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ.

ಆದರೆ 2019ರ ನಿಯಮ ನಿಜಕ್ಕೂ ಯಾರ ದಾರಿಯನ್ನು ಮುಚ್ಚಿತು? ಶುಲ್ಕ ಕಟ್ಟಬಲ್ಲ ಒಂದೇ ಒಂದು ಕುಟುಂಬವನ್ನೂ ಅದು ಮುಟ್ಟಲಿಲ್ಲ. ಅಧಿಕಾರಿಯ ಮಗು, ವಕೀಲರ ಮಗು, ಸರ್ಕಾರಿ ಶಾಲೆಯ ಶಿಕ್ಷಕರದೇ ಮಗು ನಿನ್ನೆ ಯಾವ ಶಾಲೆಗೆ ಹೋಗುತ್ತಿತ್ತೋ ಇಂದೂ ಅಲ್ಲಿಗೇ ಹೋಗುತ್ತದೆ. ದಾರಿ ಮುಚ್ಚಿದ್ದು ಲಾಟರಿಯನ್ನೇ ನೆಚ್ಚಿಕೊಂಡಿದ್ದ ಗಾರೆ ಕೆಲಸದವರ, ಮನೆಗೆಲಸದವರ ಮಕ್ಕಳಿಗೆ. ಹರ್ಷ್‌ಮನ್ ಆತಂಕವನ್ನು ಗಂಭೀರವಾಗಿ ತೆಗೆದುಕೊಳ್ಳುವುದಾದರೆ ತಡೆಯಬೇಕಾದದ್ದು ದನಿಯುಳ್ಳವರ ನಿರ್ಗಮನವನ್ನು. ಈ ನಿಯಮ ತಡೆದದ್ದು ದನಿಯೇ ಇಲ್ಲದವರನ್ನು. ಹಾಗಾದರೆ ಎಲ್ಲರನ್ನೂ ತಡೆಯೋಣ ಎನ್ನುವ ಉತ್ತರ ಕೆಲವರ ಬಳಿ ಸಿದ್ಧವಿದೆ. 2015ರ ಆಗಸ್ಟ್‌ನಲ್ಲಿ ಅಲಹಾಬಾದ್ ಹೈಕೋರ್ಟು ಸರ್ಕಾರದಿಂದ ಸಂಬಳ ಪಡೆಯುವವರೆಲ್ಲ ಮಕ್ಕಳನ್ನು ಸರ್ಕಾರಿ ಪ್ರಾಥಮಿಕ ಶಾಲೆಗೇ ಕಳಿಸಬೇಕೆಂದು ಆದೇಶಿಸಿದಾಗ ನಮ್ಮಲ್ಲೂ ಅನೇಕರು ಚಪ್ಪಾಳೆ ತಟ್ಟಿದರು. ಆ ಆದೇಶ ಕಾಗದದಲ್ಲೇ ಉಳಿಯಿತು. ಉಳಿಯದೆ ಗತ್ಯಂತರವೂ ಇರಲಿಲ್ಲ: ಮಗುವಿನ ಓದಿನ ಬಗ್ಗೆ ತಂದೆತಾಯಿಯರ ಅಧಿಕಾರವನ್ನು ಅಷ್ಟು ಬಲವಾಗಿ ಕಸಿಯುವ ಶಕ್ತಿಯಾಗಲಿ ನೈತಿಕ ಹಕ್ಕಾಗಲಿ ಯಾವ ಪ್ರಜಾಸತ್ತೆಯ ಸರ್ಕಾರಕ್ಕೂ ಇಲ್ಲ. ಉಳ್ಳವರನ್ನು ತಡೆಯಲಾಗದ ಕಡೆ ಇಲ್ಲದವರನ್ನು ತಡೆದು ಅದನ್ನು ಸಮಾನತೆ ಎಂದು ಕರೆಯುವುದು ಬೌದ್ಧಿಕ ಅಪ್ರಾಮಾಣಿಕತೆ.

ಇನ್ನು, ದಾರಿ ಮುಚ್ಚಿದ ಮೇಲೆ ಶಾಲೆಗಳು ತುಂಬಿದವೇ? ಗ್ರಾಮೀಣ ಭಾರತದ ಶಾಲೆಗಳ ಸ್ಥಿತಿ ಅಳೆಯುವ ಅಸರ್ ಸಮೀಕ್ಷೆಯ ರಾಷ್ಟ್ರೀಯ ಅಂಕಿಗಳು ಇಲ್ಲಿ ದಾರಿ ತೋರಿಸುತ್ತವೆ. 6ರಿಂದ 14 ವಯಸ್ಸಿನ ಮಕ್ಕಳಲ್ಲಿ ಸರ್ಕಾರಿ ಶಾಲೆಯಲ್ಲಿದ್ದವರು 2018ರಲ್ಲಿ ಶೇಕಡಾ 65.6, ಕೋವಿಡ್ ನಂತರ 2022ರಲ್ಲಿ 72.9, 2024ಕ್ಕೆ ಮತ್ತೆ 66.8. ಈ ಏರಿಳಿತಕ್ಕೆ ಯಾವ ಸರ್ಕಾರದ ನಿಯಮವೂ ಕಾರಣವಲ್ಲ. ಕೂಲಿ ನಿಂತಾಗ, ಖಾಸಗಿ ಶಾಲೆಗಳು ಬಾಗಿಲು ಹಾಕಿದಾಗ ಮಕ್ಕಳು ಸರ್ಕಾರಿ ಶಾಲೆಗೆ ಬಂದರು; ಕೈಗೆ ನಾಲ್ಕು ಕಾಸು ಬಂದ ಕೂಡಲೇ ಹೊರಟುಹೋದರು. ಗಮನಿಸಬೇಕಾದ್ದೆಂದರೆ, ಸರ್ಕಾರಿ ಶಾಲೆಗಳಿಗೆ ಅದೊಂದು ಅಪೂರ್ವ ಅವಕಾಶವಾಗಿತ್ತು. ದಾರಿಯನ್ನು ಯಾರೂ ಮುಚ್ಚದೆ ಮಕ್ಕಳು ತಾವಾಗಿ ಬಂದಿದ್ದರು. ಅವರನ್ನು ಉಳಿಸಿಕೊಳ್ಳಲು ಆಗಲಿಲ್ಲ ಎಂದರೆ ರೋಗ ದಾಖಲಾತಿಯದಲ್ಲ. ಲಾಟರಿಯ ಬಗ್ಗೆಯೂ ಛತ್ತೀಸಗಢದಲ್ಲಿ ನಡೆದ ಅಧ್ಯಯನ ಒಂದು ಮುಖ್ಯ ಸಂಗತಿಯನ್ನು ತೋರಿಸಿದೆ: ಸೀಟು ಸಿಗದೆ ಹೋದ ಮಕ್ಕಳಲ್ಲಿ ಬಹುಪಾಲು ಹೇಗೂ ಯಾವುದೋ ಖಾಸಗಿ ಶಾಲೆಗೇ ಸೇರಿದ್ದರು. ಇದು ಆಯ್ಕೆಯ ಪರ ಮಾತಾಡುವವರಿಗೂ ಅನುಕೂಲದ ಸಂಗತಿಯೇನಲ್ಲ, ಯಾಕೆಂದರೆ ಯೋಜನೆಯ ಲಾಭ ಅತಿ ಬಡವರಿಗಿಂತ ಅವರಿಗಿಂತ ಒಂದು ಮೆಟ್ಟಿಲು ಮೇಲಿರುವವರಿಗೆ ಹೆಚ್ಚಾಗಿ ಸಿಕ್ಕಿತು ಎಂದೇ ಅದರ ಅರ್ಥ. ಆದರೆ ದಾರಿ ಮುಚ್ಚಿದರೆ ಆ ಮಕ್ಕಳೆಲ್ಲ ಸರ್ಕಾರಿ ಬೆಂಚಿಗೆ ಬಂದು ಕೂರುತ್ತಾರೆ ಎಂಬ ಲೆಕ್ಕ ಮಾತ್ರ ಪೂರ್ತಿ ಬುಡಮೇಲಾಗುತ್ತದೆ. ಅವರು ಸಾಲ ಮಾಡಿ ಇನ್ನೊಂದು ಅಗ್ಗದ ಕಾನ್ವೆಂಟ್ ಹುಡುಕಿಕೊಳ್ಳುತ್ತಾರೆ.

ಹಣದ ವಾದಕ್ಕೆ ಅರ್ಧ ಸತ್ಯದ ಬಲವಿದೆ. ಕಾಯ್ದೆಯ ಪ್ರಕಾರ ಮರುಪಾವತಿ ಎಂದರೆ ಸರ್ಕಾರ ತನ್ನ ಶಾಲೆಯಲ್ಲಿ ಒಂದು ಮಗುವಿಗೆ ಮಾಡುವ ಖರ್ಚು ಅಥವಾ ಖಾಸಗಿ ಶಾಲೆಯ ನಿಜವಾದ ಶುಲ್ಕ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಕರ್ನಾಟಕದಲ್ಲಿ ಒಂದನೇ ತರಗತಿಗೆ 16,000 ರೂಪಾಯಿಯ ಮಿತಿ ಇತ್ತು. ಸರಾಸರಿಯಲ್ಲಿ ನೋಡಿದರೆ ಸರ್ಕಾರಕ್ಕೆ ನಷ್ಟವಿಲ್ಲ. ಇದಕ್ಕೆ ಎದುರುವಾದ ಇದೆ: ಖಾಲಿ ಬೆಂಚಿನ ಮೇಲೆ ಇನ್ನೊಂದು ಮಗು ಕೂತರೆ ಹೆಚ್ಚುವರಿ ಖರ್ಚು ಹೆಚ್ಚುಕಡಿಮೆ ಸೊನ್ನೆ, ಹೊರಗೆ ಕಳಿಸಿದರೆ 16,000. ಈ ವರ್ಷದ ಬಜೆಟ್ಟಿಗೆ ಇದು ನಿಜ. ಆದರೆ ಹತ್ತು ವರ್ಷದ ಲೆಕ್ಕಕ್ಕೆ ನಿಜವಲ್ಲ, ಯಾಕೆಂದರೆ ಬೆಂಚು ಖಾಲಿಯಾದ ಮೇಲೂ ಹುದ್ದೆಗಳನ್ನು ಹಾಗೇ ಇಟ್ಟುಕೊಳ್ಳುವುದು ಪ್ರಕೃತಿ ನಿಯಮವಲ್ಲ, ಆಡಳಿತದ ತೀರ್ಮಾನ. ಪ್ರಾಥಮಿಕ ಹಂತಕ್ಕೆ ಮೂವತ್ತು ಮಕ್ಕಳಿಗೊಬ್ಬ ಶಿಕ್ಷಕ ಎಂದು ಅದೇ ಕಾಯ್ದೆ ಹೇಳುತ್ತದೆ. ಹತ್ತು ಮಕ್ಕಳಿಗೆ ಇಬ್ಬರಿರುವ ಶಾಲೆಯಿಂದ ನೂರು ಮಕ್ಕಳಿಗೆ ಇಬ್ಬರಿರುವ ಶಾಲೆಗೆ ಶಿಕ್ಷಕರನ್ನು ಕಳಿಸುವ ಕೆಲಸ ನಮ್ಮಲ್ಲಿ ಪ್ರತಿ ಸಲವೂ ವರ್ಗಾವಣೆಯ ಜಗ್ಗಾಟದಲ್ಲಿ ಸಿಕ್ಕಿಬೀಳುತ್ತದೆ. ಎರಡು ಸಲ ದುಡ್ಡು ಖರ್ಚಾಗುತ್ತಿದೆ ಎಂಬ ದೂರು ಸರಿ. ಆ ಜಗ್ಗಾಟವನ್ನು ಬಿಡಿಸಲಾರದ ಇಲಾಖೆ ಅದರ ಬಿಲ್ಲನ್ನು ಮಗುವಿಗೆ ಕೊಡುತ್ತಿದೆ ಎಂಬುದನ್ನು ಮಾತ್ರ ದೂರು ಹೇಳುವುದಿಲ್ಲ.

ಇಷ್ಟು ಹೇಳಿದ ಮೇಲೆ ನನ್ನ ಬಣದವರ ಗೊಂದಲಕ್ಕೂ ಬರಬೇಕು. ಆಯ್ಕೆ ಕೊಟ್ಟರೆ ಸ್ಪರ್ಧೆ ಹುಟ್ಟುತ್ತದೆ, ಸ್ಪರ್ಧೆ ಹುಟ್ಟಿದರೆ ಗುಣಮಟ್ಟ ಏರುತ್ತದೆ ಎಂಬ ಸೂತ್ರವನ್ನು ಮಿಲ್ಟನ್ ಫ್ರೀಡ್‌ಮನ್ 1955ರಲ್ಲಿ ಬರೆದ ಪ್ರಬಂಧದಿಂದ ಇಂದಿನವರೆಗೂ ಅನೇಕರು ಮಂತ್ರದಂತೆ ಪಠಿಸುತ್ತಾರೆ. ಅದಕ್ಕೆ ನಮ್ಮ ನೆರೆಯಲ್ಲೇ ನಡೆದ ಪರೀಕ್ಷೆ ಒಂದಿದೆ. 2008ರಿಂದ ನಾಲ್ಕು ವರ್ಷ ಆಗಿನ ಆಂಧ್ರಪ್ರದೇಶದ 180 ಹಳ್ಳಿಗಳಲ್ಲಿ ಲಾಟರಿಯ ಮೂಲಕ ಸರ್ಕಾರಿ ಶಾಲೆಯ ಮಕ್ಕಳಿಗೆ ಖಾಸಗಿ ಶಾಲೆಯ ವೋಚರ್ ಕೊಡಲಾಯಿತು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ 2015ರಲ್ಲಿ ಪ್ರಕಟಿಸಿದ ಫಲಿತಾಂಶ ಯಾವ ಬಣಕ್ಕೂ ಪೂರ್ತಿ ಸಮಾಧಾನ ಕೊಡುವಂಥದಲ್ಲ. ತೆಲುಗು ಮತ್ತು ಗಣಿತದಲ್ಲಿ ವೋಚರ್ ಪಡೆದ ಮಕ್ಕಳು ಪಡೆಯದವರಿಗಿಂತ ಮುಂದಿರಲಿಲ್ಲ. ಹಿಂದಿಯಲ್ಲಿ ಗಣನೀಯವಾಗಿ ಮುಂದಿದ್ದರು. ಖಾಸಗಿ ಶಾಲೆಗಳು ತೆಲುಗು, ಗಣಿತಕ್ಕೆ ಕಡಿಮೆ ಸಮಯ ಕೊಟ್ಟು ಅದೇ ಮಟ್ಟ ಮುಟ್ಟಿದ್ದವು, ಒಂದು ಮಗುವಿಗೆ ಅವು ಮಾಡಿದ ಖರ್ಚು ಸರ್ಕಾರಿ ಶಾಲೆಯ ಮೂರನೇ ಒಂದು ಪಾಲಿಗಿಂತ ಕಡಿಮೆ. ಇವೆಲ್ಲಕ್ಕಿಂತ ನನಗೆ ಮುಖ್ಯವೆನಿಸಿದ್ದು ಬೇರೆ: ಸರ್ಕಾರಿ ಶಾಲೆಯಲ್ಲೇ ಉಳಿದ ಮಕ್ಕಳ ಕಲಿಕೆ ಕೆಡಲೂ ಇಲ್ಲ, ಸುಧಾರಿಸಲೂ ಇಲ್ಲ. ಬಿಟ್ಟುಹೋಗುವವರಿಂದ ಉಳಿದವರಿಗೆ ಅನ್ಯಾಯವಾಗುತ್ತದೆ ಎಂಬ ಭಯ ಅಲ್ಲಿ ನಿಜವಾಗಲಿಲ್ಲ. ಸ್ಪರ್ಧೆಯಿಂದ ಸರ್ಕಾರಿ ಶಾಲೆ ಎಚ್ಚೆತ್ತುಕೊಳ್ಳುತ್ತದೆ ಎಂಬ ಭರವಸೆಯೂ ನಿಜವಾಗಲಿಲ್ಲ. ಎಚ್ಚೆತ್ತುಕೊಳ್ಳಲು ಕಾರಣವಾದರೂ ಏನಿತ್ತು? ಅರ್ಧ ತರಗತಿ ಖಾಲಿಯಾದರೂ ಅಲ್ಲಿ ಯಾರ ಸಂಬಳವೂ, ಬಡ್ತಿಯೂ, ಅನುದಾನವೂ ಅಲುಗಾಡಲಿಲ್ಲ. ಗಿರಾಕಿ ಬಂದರೂ ಬಾರದಿದ್ದರೂ ಸಂಜೆಗೆ ಅಷ್ಟೇ ಗಲ್ಲಾಪೆಟ್ಟಿಗೆ ತುಂಬುವ ಅಂಗಡಿಗೆ ಎದುರಂಗಡಿಯ ಚಿಂತೆ ಯಾಕೆ?

ಆದ್ದರಿಂದ ಆಯ್ಕೆಯನ್ನು ಸ್ಪರ್ಧೆಯ ಹೆಸರಿನಲ್ಲಿ ಸಮರ್ಥಿಸುವುದಕ್ಕಿಂತ ಮೊದಲು ಕುಟುಂಬದ ಅಧಿಕಾರದ ಹೆಸರಿನಲ್ಲಿ ಸಮರ್ಥಿಸಬೇಕು ಎಂಬುದು ನನ್ನ ನಿಲುವು. ಸಂಪ್ರದಾಯವಾದಿ ಚಿಂತನೆಗೂ ಬರೀ ಮಾರುಕಟ್ಟೆ ಚಿಂತನೆಗೂ ಇರುವ ಅಂತರ ಇಲ್ಲಿದೆ. ಎರಡು ದೇಶಗಳನ್ನು ಅಕ್ಕಪಕ್ಕ ಇಟ್ಟರೆ ಅದು ಕಾಣುತ್ತದೆ. ಚಿಲಿ 1981ರಲ್ಲಿ, ಪಿನೋಚೆಯ ಸರ್ವಾಧಿಕಾರದ ಕಾಲದಲ್ಲಿ, ವೋಚರ್ ಪದ್ಧತಿಯನ್ನು ತಂದಿತು. ಶಾಲೆಗಳಿಗೆ ಲಾಭ ಮಾಡಲು, ಮಕ್ಕಳನ್ನು ಸೋಸಿ ಆರಿಸಿಕೊಳ್ಳಲು, ಮುಂದೆ ಮೇಲುಶುಲ್ಕ ಹಾಕಲೂ ಅವಕಾಶವಾಯಿತು. ಆಯ್ಕೆ ಮಾಡಿದ್ದು ಶಾಲೆ, ಮಗುವಲ್ಲ. ಸರಾಸರಿ ಕಲಿಕೆ ನಿರೀಕ್ಷೆಯಂತೆ ಏರಲಿಲ್ಲ, ವರ್ಗಗಳು ಬೇರೆಬೇರೆ ಶಾಲೆಗಳಿಗೆ ಸೋಸಿಹೋದವು. ಕೊನೆಗೆ 2008ರಲ್ಲಿ ಬಡ ಮಕ್ಕಳಿಗೆ ಹೆಚ್ಚಿನ ಮೊತ್ತ ಕೊಡುವ ಕಾನೂನನ್ನೂ 2015ರಲ್ಲಿ ಸೋಸುವಿಕೆ ಮತ್ತು ಲಾಭಕ್ಕೆ ಕಡಿವಾಣ ಹಾಕುವ ಕಾನೂನನ್ನೂ ತರಬೇಕಾಯಿತು. ನೆದರ್‌ಲ್ಯಾಂಡ್ಸ್‌ನಲ್ಲಿ ಆಯ್ಕೆ ಬೇರೊಂದು ಬಾಗಿಲಿನಿಂದ ಬಂತು. ಅಲ್ಲಿನ ಕ್ಯಾಥೊಲಿಕರು ಮತ್ತು ಅಬ್ರಹಾಂ ಕೈಪರ್ ಅನುಯಾಯಿಗಳಾದ ಪ್ರಾಟೆಸ್ಟೆಂಟರು ತಮ್ಮ ಮಕ್ಕಳನ್ನು ತಮ್ಮ ನಂಬಿಕೆಯಂತೆ ಓದಿಸುವ ಹಕ್ಕಿಗಾಗಿ ದಶಕಗಟ್ಟಲೆ ಹೋರಾಡಿ, 1917ರ ಸಂವಿಧಾನ ತಿದ್ದುಪಡಿಯಲ್ಲಿ ಸರ್ಕಾರಿ ಶಾಲೆಗೂ ಸಮುದಾಯದ ಶಾಲೆಗೂ ಸಮಾನ ಹಣ ಎಂಬ ತತ್ವವನ್ನು ಗೆದ್ದರು. ಇಂದು ಸುಮಾರು ಮೂರರಲ್ಲಿ ಎರಡು ಪಾಲು ಡಚ್ ಮಕ್ಕಳು ಖಾಸಗಿ ಆಡಳಿತದ, ಆದರೆ ಸರ್ಕಾರಿ ಹಣದ ಶಾಲೆಯಲ್ಲಿದ್ದಾರೆ. ಆ ಹಣದಿಂದ ಲಾಭ ಎತ್ತುವಂತಿಲ್ಲ, ಸರ್ಕಾರದ ತಪಾಸಣೆ ಇದೆ, ಪ್ರೌಢಶಾಲೆಯ ಕೊನೆಗೆ ರಾಷ್ಟ್ರಮಟ್ಟದ ಪರೀಕ್ಷೆ ಇದೆ.

ಇದನ್ನು ಓದಿ ನಮಗೇಕೆ ಡಚ್ಚರ ಉಸಾಬರಿ ಎನ್ನುವವರು ಕರ್ನಾಟಕದ ಶಿಕ್ಷಣದ ಇತಿಹಾಸವನ್ನು ನೆನೆಯಬೇಕು. 1854ರ ವುಡ್ ವರದಿ ತಂದ ಸಹಾಯಧನದ ಪದ್ಧತಿಯಡಿ ಇಲ್ಲಿಯೂ ಬೆಳೆದದ್ದು ಇಂಥ ಶಾಲೆಗಳೇ. 1891ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಕೆನರಾ ಹೈಸ್ಕೂಲ್ ಕಟ್ಟಿದರು. 1910ರಲ್ಲಿ ವಿಜಯಪುರದಲ್ಲಿ ಬಿ.ಎಲ್.ಡಿ.ಇ., 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರ ಕೆ.ಎಲ್.ಇ., ಡಚ್ ತಿದ್ದುಪಡಿಯ ವರ್ಷವೇ ಬಸವನಗುಡಿಯಲ್ಲಿ ನ್ಯಾಷನಲ್ ಹೈಸ್ಕೂಲ್. ಆಮೇಲೆ ಸಿದ್ಧಗಂಗೆ, ಸುತ್ತೂರಿನಂಥ ಮಠಗಳ ಶಾಲೆಗಳು. ಸರ್ಕಾರದ್ದೂ ಅಲ್ಲದ, ವ್ಯಾಪಾರವೂ ಅಲ್ಲದ ಈ ಮೂರನೇ ಬಗೆ ಹಳ್ಳಿಯ ಬಡವನಿಗೂ ಕೈಗೆಟುಕುವ ಆಯ್ಕೆಯಾಗಿತ್ತು, ಬಹುಮಟ್ಟಿಗೆ ಕನ್ನಡದಲ್ಲೇ. ಅದನ್ನು ಬತ್ತಿಸಿದ್ದು ಮಾರುಕಟ್ಟೆಯಲ್ಲ. 1987ರ ಹೊತ್ತಿಗೆ ರಾಜ್ಯ ಸರ್ಕಾರ ಹೊಸ ಶಾಲೆಗಳಿಗೆ ಅನುದಾನದ ಗೆರೆ ಎಳೆಯಿತು. ಬಹಳ ಹೋರಾಟದ ಮೇಲೆ 1995ರ ತನಕ ಶುರುವಾದ ಕನ್ನಡ ಮಾಧ್ಯಮ ಶಾಲೆಗಳಿಗೆ ಆ ಗೆರೆ ಸರಿಯಿತು. ಅದರಾಚೆ ಹುಟ್ಟಿದ ಕನ್ನಡ ಶಾಲೆಗೆ ಅನುದಾನವಿಲ್ಲ, ಕನ್ನಡ ಮಾಧ್ಯಮಕ್ಕೆ ಶುಲ್ಕ ಕಟ್ಟುವವರಿಲ್ಲ. ಹಳೆಯ ಅನುದಾನಿತ ಶಾಲೆಗಳಲ್ಲಿ ನಿವೃತ್ತಿಯಿಂದ ತೆರವಾದ ಹುದ್ದೆ ತುಂಬಲು ವರ್ಷಗಟ್ಟಲೆ ಕಾಯಬೇಕು. ಹೀಗೆ ನಡುವಿನ ಬಗೆಯನ್ನು ಒಣಗಿಸಿದ ಮೇಲೆ ಉಳಿಯುವುದು ಎರಡೇ: ಪುಕ್ಕಟೆಯಾದ ಸರ್ಕಾರಿ ಶಾಲೆ, ಶುಲ್ಕದ ಇಂಗ್ಲಿಷ್ ಶಾಲೆ. ಕನ್ನಡ ಶಾಲೆಯೊಂದನ್ನು ಆರಿಸಿಕೊಳ್ಳುವ ಆಸೆಯುಳ್ಳ ತಂದೆತಾಯಿಗೂ ಆರಿಸಲು ಒಳ್ಳೆಯ ಕನ್ನಡ ಶಾಲೆ ಉಳಿಯದಂತೆ ಮಾಡಿ, ಆಮೇಲೆ ಜನಕ್ಕೆ ಇಂಗ್ಲಿಷ್ ಹುಚ್ಚು ಎಂದು ಬೈಯುವುದು ನಮ್ಮ ಭಾಷಾನೀತಿಯ ವಿಚಿತ್ರ.

ಆಯ್ಕೆಯಿಂದ ಕನ್ನಡಕ್ಕೆ ಕುತ್ತು ಎಂಬ ಆಕ್ಷೇಪ ಇಲ್ಲಿಯೇ ಎದುರಾಗುತ್ತದೆ. ಅದು ಹಗುರವಾದ ಆಕ್ಷೇಪವಲ್ಲ. ಆದರೆ ನಿರ್ಬಂಧದ ದಾರಿಯನ್ನು ನಾವು ಇಪ್ಪತ್ತು ವರ್ಷ ನಡೆದು ನೋಡಿದ್ದೇವೆ. 1994ರ ಆದೇಶ ನಾಲ್ಕನೇ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡ ಮಾಧ್ಯಮ ಕಡ್ಡಾಯ ಎಂದಿತು. ಶಾಲೆಗಳು ಕನ್ನಡ ಮಾಧ್ಯಮಕ್ಕೆ ಅನುಮತಿ ಪಡೆದು ಇಂಗ್ಲಿಷಿನಲ್ಲಿ ಪಾಠ ಮಾಡಿದವು; ಇಲಾಖೆ ಕಂಡೂ ಕಾಣದಂತಿದ್ದು, 2006ರಲ್ಲಿ ಒಮ್ಮೆಲೇ ಎರಡು ಸಾವಿರಕ್ಕೂ ಹೆಚ್ಚು ಶಾಲೆಗಳ ಮಾನ್ಯತೆ ರದ್ದಿಗೆ ಹೊರಟಿತು. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಮಾಧ್ಯಮದ ಆಯ್ಕೆ ಪೋಷಕರದೇ ಎಂದು ತೀರ್ಪು ಕೊಟ್ಟಾಗ ಆದೇಶ ಬಿದ್ದುಹೋಯಿತು. ಈ ಇಪ್ಪತ್ತು ವರ್ಷಗಳಲ್ಲಿ ಇಂಗ್ಲಿಷ್ ಶಾಲೆಗಳು ಕಡಿಮೆಯಾಗಲಿಲ್ಲ. ಕಾನೂನನ್ನು ವಂಚಿಸುವ ಅಭ್ಯಾಸ ಹೆಚ್ಚಿತು. ಐದು ವರ್ಷದ ನಂತರ ಸರ್ಕಾರವೇ, ಸಾಹಿತಿಗಳ ವಿರೋಧದ ನಡುವೆ, ತನ್ನ 1,000 ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆಯಿತು. ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಎಲ್‌ಕೆಜಿಯಿಂದಲೇ ಮಕ್ಕಳನ್ನು ಸೇರಿಸಿಕೊಳ್ಳತೊಡಗಿತು. ಇವೆಲ್ಲ ಪೋಷಕರ ಕಾಲುಗಳು ಕೊಟ್ಟ ಒತ್ತಡಕ್ಕೆ ಸರ್ಕಾರ ಕೊಟ್ಟ ಉತ್ತರ. ಶಿಕ್ಷಕರಿಗೆ ತಟ್ಟದ ಸ್ಪರ್ಧೆ ಮಂತ್ರಿಮಂಡಲಕ್ಕೆ ತಟ್ಟಿತು ಎನ್ನಬಹುದು, ಇಪ್ಪತ್ತು ವರ್ಷ ತಡವಾಗಿ. ಕನ್ನಡವನ್ನು ವಿಷಯವಾಗಿ ಪ್ರತಿ ಮಗುವೂ ಕಲಿಯಲೇಬೇಕೆನ್ನುವ 2015ರ ಕಾಯ್ದೆಗೆ ನನ್ನ ಪೂರ್ಣ ಒಪ್ಪಿಗೆಯಿದೆ. ಒಂದು ಸಮಾಜ ತನ್ನ ಭಾಷೆಯನ್ನು ಮುಂದಿನವರಿಗೆ ದಾಟಿಸುವುದನ್ನು ಕಡ್ಡಾಯ ಮಾಡಬಹುದು. ಅದು ಹೇಗೆ, ಯಾವ ಶಾಲೆಯಲ್ಲಿ ಎಂಬುದರಲ್ಲಿ ಕುಟುಂಬಕ್ಕೆ ಜಾಗ ಬಿಡಬೇಕು.

ಹಾಗಾದರೆ ಎರಡು ಹೊಂದಾಣಿಕೆಗಳು ಬೇಕು.

1. ಅನುದಾನ ಹುದ್ದೆಯ ಲೆಕ್ಕದಲ್ಲಿ ಹೋಗುವ ಬದಲು ಮಗುವಿನ ಲೆಕ್ಕದಲ್ಲಿ ಹೋಗಬೇಕು: ಸರ್ಕಾರಿ ಶಾಲೆಗೂ, ಲಾಭಕ್ಕಾಗಿ ನಡೆಸದ ಕನ್ನಡ ಶಾಲೆಗೂ ಒಂದೇ ಅಳತೆ, ಬಡ ಮಗುವಿಗೆ ಹೆಚ್ಚು ಮೊತ್ತ. ಆಗ ಮಾತ್ರ ಒಂದು ಮಗು ಬಿಟ್ಟುಹೋಗುವುದು ಯಾರಿಗಾದರೂ ತಟ್ಟುವ ಸುದ್ದಿಯಾಗುತ್ತದೆ.

2. ಸಾರ್ವಜನಿಕ ಹಣ ಮುಟ್ಟಿದ ಶಾಲೆ ಮಕ್ಕಳನ್ನು ಸೋಸುವಂತಿಲ್ಲ. ಅರ್ಜಿ ಹೆಚ್ಚಿದರೆ ಲಾಟರಿ. ಮಾನ್ಯತೆಯೂ ಕಟ್ಟಡ, ಮೈದಾನಗಳ ಅಳತೆಗಿಂತ ಕಲಿಕೆಯನ್ನು ನೋಡಿ ಸಿಗಬೇಕು. ಗುಜರಾತಿನ 2012ರ ನಿಯಮಗಳು ಕಲಿಕೆಯ ಮಟ್ಟಕ್ಕೆ ಶೇಕಡಾ 30, ಕಲಿಕೆಯ ಪ್ರಗತಿಗೆ 40 ತೂಕ ಕೊಟ್ಟು, ಸೌಕರ್ಯಗಳಿಗೆ 15 ಉಳಿಸಿದವು. ಹಳ್ಳಿಯ ಬಡ ಶಾಲೆ ಉಳಿಯಬಲ್ಲ ಅಳತೆಗೋಲು ಅದು.

ಪೋಷಕರಿಗೆ ಒಳ್ಳೆಯ ಶಾಲೆ ಯಾವುದೆಂದು ತಿಳಿಯುವುದಿಲ್ಲ, ಅವರು ಟೈ, ಬೂಟು, ಹಳದಿ ವ್ಯಾನು ನೋಡಿ ಮಾರುಹೋಗುತ್ತಾರೆ ಎಂಬ ಆಕ್ಷೇಪ ಆಗಾಗ ಬರುತ್ತದೆ. ಒಂದಿಷ್ಟು ನಿಜವಿದೆ. ಕಲಿಕೆಯ ಬಗ್ಗೆ ಬೇರೆ ಮಾಹಿತಿಯೇ ಸಿಗದ ಕಡೆ ಟೈ ಒಂದು ಮಾಹಿತಿ. ಅದೇ ಪೋಷಕರು ಓಟು ಹಾಕಬಲ್ಲರು, ಸಾಲ ತೀರಿಸಬಲ್ಲರು, ಆದರೆ ಮಗುವಿನ ಶಾಲೆ ಆರಿಸಲಾರರು ಎನ್ನುವವರು ಮೊದಲು ಶಾಲಾವಾರು ಕಲಿಕೆಯ ಫಲಿತಾಂಶವನ್ನು ಪಂಚಾಯತಿ ಗೋಡೆಯ ಮೇಲೆ ಹಚ್ಚಲಿ. ಬೇರೆಬೇರೆ ವರ್ಗದ ಮಕ್ಕಳು ಬೆರೆಯುವುದಿಲ್ಲ ಎಂಬ ಆತಂಕಕ್ಕೆ ಉತ್ತರ ಕೊಟ್ಟದ್ದು ಆ 25 ಶೇಕಡಾ ಸೀಟುಗಳಂಥ ವ್ಯವಸ್ಥೆಯೇ: ದೆಹಲಿಯ ಸಿರಿವಂತ ಶಾಲೆಗಳಲ್ಲಿ ಬಡ ಸಹಪಾಠಿಗಳೊಂದಿಗೆ ಕಲಿತ ಉಳ್ಳವರ ಮಕ್ಕಳು ಹೆಚ್ಚು ಉದಾರಿಗಳಾದರು, ಬಡವರ ಬಗೆಗಿನ ತಾರತಮ್ಯ ತಗ್ಗಿತು ಎಂದು ಅರ್ಥಶಾಸ್ತ್ರಜ್ಞ ಗೌತಮ್ ರಾವ್ ಅವರ ಅಧ್ಯಯನ ತೋರಿಸಿತು. ಸಮಾನ ಶಾಲೆಯ ಕನಸಿಗೆ ಹತ್ತಿರವಿದ್ದ ವ್ಯವಸ್ಥೆಯನ್ನು ನಾವು ಸಮಾನ ಶಾಲೆಯ ಹೆಸರಿನಲ್ಲೇ ಮುಚ್ಚಿದೆವು.

ಈ ವಾದಕ್ಕೊಂದು ಎಲ್ಲೆಯಿದೆ, ಅದನ್ನು ಹೇಳದಿದ್ದರೆ ಇದೂ ಒಂದು ಮಂತ್ರವಾಗುತ್ತದೆ. ಮಲೆನಾಡಿನ ಮೂಲೆಯಲ್ಲಿ, ಕಲ್ಯಾಣ ಕರ್ನಾಟಕದ ತಾಂಡಾಗಳಲ್ಲಿ ಹನ್ನೆರಡು ಮಕ್ಕಳಿಗೆ ಒಂದೇ ಶಾಲೆ ಇರುವ ಕಡೆ ಆಯ್ಕೆಯ ಮಾತು ಅರ್ಥಹೀನ. ಅಲ್ಲಿ ಇನ್ನೊಂದು ಶಾಲೆ ಹುಟ್ಟುವುದಿಲ್ಲ, ಹುಟ್ಟಬೇಕಾಗಿಯೂ ಇಲ್ಲ. ಮಗುವಿನ ಲೆಕ್ಕದ ಅನುದಾನ ಇಟ್ಟರೆ ಇರುವ ಶಾಲೆಯೂ ಮುಚ್ಚೀತು. ಅಂಥ ಊರುಗಳನ್ನು ಈ ಲೆಕ್ಕದಿಂದ ಹೊರಗಿಟ್ಟು, ಅಲ್ಲಿಗೆ ಹೋಗಿ ಕಲಿಸಲು ಒಪ್ಪುವ ಶಿಕ್ಷಕರಿಗೆ ಬೆಂಗಳೂರಿನ ಶಿಕ್ಷಕರಿಗಿಂತ ಹೆಚ್ಚು ಸಂಬಳ ಕೊಟ್ಟು ಸರ್ಕಾರವೇ ಶಾಲೆ ನಡೆಸಬೇಕು. ಪಟ್ಟಣಗಳಲ್ಲಿ, ಹೋಬಳಿ ಕೇಂದ್ರಗಳಲ್ಲಿ ಖಾಲಿ ಬೆಂಚುಗಳನ್ನು ಕಾಯುತ್ತ ಕೂತಿರುವ ಹುದ್ದೆಗಳು ಹೋಗಬೇಕಾದದ್ದು ಆ ಊರುಗಳಿಗೆ.